157ರ ಪಕ್ಕದ 18

ಶಿರಾಡಿ ಘಾಟಿ ಹತ್ತಿಳಿಯುವ ಲಾರಿಗಳ ರಿಪೇರಿಯಲ್ಲೇ ನನ್ನ ಕಸುಬು ಸಾಗಿ ಬಂದಿದೆ. ಬಯಲಿನಲ್ಲಿ ಅಡಗಿ ಕೂತ ಎಂಜಿನ್ ದೋಷ ಗುಂಡ್ಯದಿಂದ ಮಾರನಹಳ್ಳಿಗೆ ಏರುವಷ್ಟರಲ್ಲಿ ಹೊರಬೀಳುತ್ತದೆ. ಪಣಂಬೂರಿನಿಂದ ಗೊಬ್ಬರ ಹೇರಿಕೊಂಡು ಬರುತ್ತಿದ್ದ ಒಂದು ಬಿಎಸ್-6 ಲಾರಿಯದೂ ಅದೇ ಕಥೆ. ಏರಿನಲ್ಲಿ ಚೆಕ್ ಲೈಟ್ ಬರುತ್ತದೆ, ಪಿಕಪ್ ಬಿದ್ದುಹೋಗುತ್ತದೆ, ಗೇರ್ ಇಳಿಸಿದರೂ ಗಾಡಿ ತೆವಳುತ್ತದೆ. ಬದಿಗೆ ಹಾಕಿ, ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಸ್ವಲ್ಪ ದೂರ ಸರಿಯಾಗಿ ಎಳೆಯುತ್ತದೆ. ಖಾಲಿ ಗಾಡಿಗೆ ಯಾವ ತೊಂದರೆಯೂ ಇಲ್ಲ. ನನ್ನ ಷೆಡ್ಡಿಗೆ ಬರುವ ಹೊತ್ತಿಗೆ ಬೇರೆ ಕಡೆ ರೈಲ್ ಪ್ರೆಶರ್ ಸೆನ್ಸರ್, ಡೀಸೆಲ್ ಫಿಲ್ಟರ್‌ಗಳು ಬದಲಾಗಿದ್ದವು. ಕೋಡ್ ಮಾತ್ರ ಬಿಟ್ಟಿರಲಿಲ್ಲ. ಇನ್ನು ಹೈ ಪ್ರೆಶರ್ ಪಂಪನ್ನೇ ಬದಲಿಸಬೇಕು ಎಂದು ಮಾಲೀಕರಿಗೆ ಹೇಳಿ ಕಳಿಸಿದ್ದರು. ಆ ಪಂಪಿನ ಬೆಲೆ ಕೇಳಿದರೆ ಒಂದೇ ಗಾಡಿ ನಂಬಿದ ಮನೆಗೆ ಎದೆ ಧಸಕ್ಕೆನ್ನುತ್ತದೆ.

ಸ್ಕ್ಯಾನರ್ ತೋರಿಸಿದ್ದು ಎಸ್‌ಪಿಎನ್ 157, ಎಫ್‌ಎಂಐ 18. ಭಾರೀ ವಾಹನಗಳ ಕೋಡ್ ಹೀಗೆ ಎರಡು ಸಂಖ್ಯೆಗಳ ಜೋಡಿ. ಮೊದಲನೆಯದು ಯಾವ ಅಳತೆ ಎಂದು ಹೇಳುತ್ತದೆ. 157 ಅಂದರೆ ಕಾಮನ್ ರೈಲಿನೊಳಗಿನ, ಎಲ್ಲ ಇಂಜೆಕ್ಟರುಗಳಿಗೂ ಡೀಸೆಲ್ ಹಂಚುವ ಕೊಳವೆಯೊಳಗಿನ, ಡೀಸೆಲ್ ಒತ್ತಡ. ಎರಡನೆಯದು ಆ ಅಳತೆಗೆ ಏನಾಗಿದೆ ಎಂದು ಹೇಳುತ್ತದೆ. ಅಲ್ಲಿ 3 ಅಥವಾ 4 ಇದ್ದರೆ ವೋಲ್ಟೇಜ್ ಏರುಪೇರು. ವೈರು, ಕನೆಕ್ಟರ್, ಸೆನ್ಸರ್ ನೋಡಬೇಕು. 18 ಬೇರೆಯೇ. ಸೆನ್ಸರ್ ಹೇಳಿದ್ದನ್ನು ಎಂಜಿನ್ನಿನ ಕಂಪ್ಯೂಟರ್ ಆದ ಇಸಿಎಂ ನಂಬಿದೆ, ಒತ್ತಡವೇ ಕಡಿಮೆಯಾಗಿದೆ ಎಂದು ಅದರರ್ಥ. ಮೊದಲ ಸಂಖ್ಯೆ ಓದಿದ ಕೂಡಲೇ ಸೆನ್ಸರಿಗೆ ಸ್ಪ್ಯಾನರ್ ಹಾಕುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ನನಗೆ ಅದು ಕಂಡರಾಗದು.

ಇನ್ನೊಂದು ಅಭ್ಯಾಸ, ಗಾಡಿ ಬಂದೊಡನೆ ಕೋಡ್ ಅಳಿಸುವುದು. ಕೋಡ್ ಬಿದ್ದ ಕ್ಷಣದಲ್ಲಿ ಎಂಜಿನ್ ಹೇಗಿತ್ತು ಎಂಬ ಫ್ರೀಜ್ ಫ್ರೇಮ್ ಅದರ ಜೊತೆಗೇ ಅಳಿದುಹೋಗುತ್ತದೆ. ಈ ಗಾಡಿಯಲ್ಲಿ ಅದು ಉಳಿದಿತ್ತು: ಆರ್‌ಪಿಎಂ 1,400ರ ಆಸುಪಾಸು, ಲೋಡ್ ಹೆಚ್ಚುಕಡಿಮೆ ಪೂರ್ತಿ. ಹಾಗಿದ್ದ ಮೇಲೆ ಷೆಡ್ಡಿನಲ್ಲಿ ನಿಲ್ಲಿಸಿ ಎಷ್ಟು ರೇಸ್ ಮಾಡಿದರೂ ಏನೂ ಸಿಗುವುದಿಲ್ಲ. ಹೇರಿದ ಗೊಬ್ಬರದ ಸಮೇತವೇ ಏರಿನಲ್ಲಿ ಓಡಿಸಿದೆವು. ಷೆಡ್ಡಿನ ಹುಡುಗ ಪಕ್ಕದಲ್ಲಿ ಸ್ಕ್ಯಾನರ್ ಹಿಡಿದು ಕೂತಿದ್ದ. ಇಸಿಎಂ ಕೇಳುತ್ತಿದ್ದ ಒತ್ತಡ 1,600 ಬಾರ್ ಹತ್ತಿರ; ಸಿಗುತ್ತಿದ್ದದ್ದು ಜಾರುತ್ತ ಜಾರುತ್ತ 1,200ಕ್ಕೆ ಬಂತು. ಲಾರಿ ಟೈರಿಗೆ ನಾವು ತುಂಬುವ ಗಾಳಿ ಸುಮಾರು 8 ಬಾರ್ ಎಂದರೆ ಆ ರೈಲಿನೊಳಗಿನ ಬಲ ಅಂದಾಜಾದೀತು.

ಇಲ್ಲೊಂದು ಮಾತು ಹೇಳಲೇಬೇಕು. ಹಳೆಯ ಇನ್‌ಲೈನ್ ಪಂಪಿನ ಎಂಜಿನ್‌ಗಳಲ್ಲಿ, ಓಡುತ್ತಿರುವಾಗಲೇ ಇಂಜೆಕ್ಟರ್ ಪೈಪಿನ ನಟ್ಟು ಸಡಿಲಿಸಿ ಯಾವ ಸಿಲಿಂಡರ್ ಸತ್ತಿದೆ ಎಂದು ನೋಡುತ್ತಿದ್ದೆವು. ಕಾಮನ್ ರೈಲಿನಲ್ಲಿ ಯಾರೂ ಆ ಕೆಲಸ ಮಾಡಬಾರದು. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಹೋಗುತ್ತದೆ; ಮೇಲೆ ಸೂಜಿ ಚುಚ್ಚಿದಷ್ಟೇ ಗುರುತು ಕಂಡರೂ ಒಳಗೆ ಮಾಂಸ ಕೊಳೆಯುತ್ತದೆ, ಬೆರಳು ಕೈ ಕಳೆದುಕೊಳ್ಳುವ ಪ್ರಸಂಗ ಬರುತ್ತದೆ. ಹಾಗೇನಾದರೂ ಆದರೆ ಪಟ್ಟಿ ಕಟ್ಟಿಕೊಂಡು ಕೂರದೆ ತಕ್ಷಣ ದೊಡ್ಡಾಸ್ಪತ್ರೆಗೆ ಹೋಗಬೇಕು.

ಇಂಜೆಕ್ಟರ್‌ಗಳ ರಿಟರ್ನ್ ಡೀಸೆಲನ್ನು ಬಾಟಲಿಗಳಿಗೆ ಬಿಟ್ಟು ನೋಡಿದೆ. ಎಲ್ಲದರಲ್ಲೂ ಸರಿಸುಮಾರು ಒಂದೇ ಮಟ್ಟ. ರೈಲಿನ ರಿಲೀಫ್ ವಾಲ್ವ್ ಸೋರುತ್ತಿರಲಿಲ್ಲ. ಅಂದರೆ ಬಂದ ಡೀಸೆಲ್ ಎಲ್ಲೂ ಪೋಲಾಗುತ್ತಿಲ್ಲ, ಬರಬೇಕಾದದ್ದೇ ಬರುತ್ತಿಲ್ಲ. ಪಂಪಿಗೆ ಕೈ ಹಾಕುವ ಮುಂಚೆ ಡ್ರೈವರನ್ನು ಕೂರಿಸಿ, ಚಹಾ ಕೊಡಿಸಿ, ಲೈಟ್ ಯಾವಾಗ ಬರಲ್ಲ ಅಂತ ಕೇಳಿದೆ. ಅಲ್ಲಿಯವರೆಗೆ ಎಲ್ಲರೂ ಯಾವಾಗ ಬರುತ್ತೆ ಅಂತಲೇ ಕೇಳಿದ್ದರು. ಅವನು ಸ್ವಲ್ಪ ಯೋಚಿಸಿ, “ಟ್ಯಾಂಕ್ ಫುಲ್ ಇದ್ದಾಗ ಬಂದಿದ್ದು ನೆನಪಿಲ್ಲ ಅಣ್ಣ. ಅರ್ಧಕ್ಕಿಂತ ಇಳಿದ ಮೇಲೇ ಕಾಟ” ಅಂದ.

ಈ ಗಾಡಿಯಲ್ಲಿ ಟ್ಯಾಂಕಿನಿಂದ ಪಂಪಿನವರೆಗಿನ ದಾರಿಯಲ್ಲಿ ಡೀಸೆಲನ್ನು ಯಾರೂ ತಳ್ಳುವುದಿಲ್ಲ, ಪಂಪೇ ಎಳೆದುಕೊಳ್ಳುತ್ತದೆ. ಅಲ್ಲಿ ಬಿರುಕು ಬಿಟ್ಟರೆ ಎಂಜಿನ್ ಓಡುವಾಗ ಡೀಸೆಲ್ ಹೊರಗೆ ತೊಟ್ಟಿಕ್ಕುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಐಡಲ್‌ನಲ್ಲಿ ಎಳೆತ ಕಡಿಮೆ, ಆದ್ದರಿಂದ ಗೊತ್ತಾಗುವುದಿಲ್ಲ. ಏರಿನಲ್ಲಿ ಎಂಜಿನ್ ಹೆಚ್ಚು ಡೀಸೆಲ್ ಕೇಳಿದಾಗ ಗಾಳಿಯೂ ಹೆಚ್ಚು ಸೇರುತ್ತದೆ. ವಾಟರ್ ಸೆಪರೇಟರಿನ ಮುಂಚೆ ಪಾರದರ್ಶಕ ಪೈಪ್ ಹಾಕಿ ರೇಸ್ ಕೊಟ್ಟಾಗ ಸಾಲುಸಾಲು ಗುಳ್ಳೆ ಕಂಡವು. ಟ್ಯಾಂಕ್ ಬಿಟ್ಟು ಹೊರಗೆ ಕ್ಯಾನಿನಿಂದ ಡೀಸೆಲ್ ಕೊಟ್ಟಾಗ ಒಂದು ಗುಳ್ಳೆಯೂ ಇಲ್ಲ.

ಟ್ಯಾಂಕಿನೊಳಗೆ ಇಳಿದಿರುವ ಪಿಕಪ್ ಪೈಪನ್ನು ಬಿಚ್ಚಿದೆ. ಮೇಲಿನ ಫ್ಲ್ಯಾಂಜಿನಿಂದ ಸಾಕಷ್ಟು ಕೆಳಗೆ ಕೂದಲೆಳೆಯಂಥ ಬಿರುಕು. ಡೀಸೆಲಿನಲ್ಲಿ ಮುಳುಗಿರುವಷ್ಟು ಹೊತ್ತು ಅದರಿಂದ ತೊಂದರೆಯಿಲ್ಲ. ಮಟ್ಟ ಇಳಿದು ಬಿರುಕು ಡೀಸೆಲಿನಿಂದ ಹೊರಬಿದ್ದರೆ ಗಾಳಿ ಕುಡಿಯುತ್ತದೆ. ಬೆಸುಗೆ ಹಾಕಿಸಿದರೆ ಸಾಲದೇ ಎಂದು ಮಾಲೀಕರು ಕೇಳಿದರು. ಒಪ್ಪಲಿಲ್ಲ, ಹೊಸದೇ ಹಾಕಿದೆ. ಅಷ್ಟಕ್ಕೇ ಬಿಟ್ಟಿದ್ದರೆ ಅದೂ ಸೀಳುತ್ತಿತ್ತು: ಟ್ಯಾಂಕ್ ಬಿಗಿದ ಪಟ್ಟಿಯ ಅಡಿಯ ರಬ್ಬರ್ ಸವೆದು ಟ್ಯಾಂಕೇ ಅಲುಗಾಡುತ್ತಿತ್ತು. ರಬ್ಬರ್ ಬದಲಿಸಿ ಪಟ್ಟಿ ಬಿಗಿದೆ. ಬೇಕೆಂದೇ ಅರ್ಧಕ್ಕಿಂತ ಕಡಿಮೆ ಡೀಸೆಲ್ ಇಟ್ಟುಕೊಂಡು ಅದೇ ಏರನ್ನು ಹತ್ತಿಸಿದಾಗ ಕೇಳಿದ ಒತ್ತಡ, ಸಿಕ್ಕ ಒತ್ತಡ ಜೊತೆಜೊತೆಯಾಗಿ ಸಾಗಿದವು. ಪಂಪ್ ಇವತ್ತಿಗೂ ಹಳೆಯದೇ.

2020ರ ಏಪ್ರಿಲ್‌ನಿಂದ ಬಿಎಸ್-6 ಹೊಗೆ ನಿಯಮ ಬಂದ ಮೇಲೆ ಹೆದ್ದಾರಿ ಬದಿಯ ಷೆಡ್ಡುಗಳಿಗೂ ಸ್ಕ್ಯಾನರ್ ಬಂದಿದೆ. ಆದರೆ ಕೋಡ್ ಬಂದ ಮೇಲೆ ಏನೇನು ಪರೀಕ್ಷೆ ಮಾಡಬೇಕು ಎಂಬ ವಿವರ ಕಂಪನಿಗಳ ಸಾಫ್ಟ್‌ವೇರಿನೊಳಗೇ ಉಳಿದಿದೆ. ಕೈಗೆ ಸಿಕ್ಕಿದ್ದೂ ಇಂಗ್ಲಿಷಿನಲ್ಲಿ. ರಾತ್ರಿ ಮಳೆಯಲ್ಲಿ ಘಾಟಿಯಲ್ಲಿ ನಿಂತ ಲಾರಿಗೆ ಟೂಲ್ ಬಾಕ್ಸ್ ಹೊತ್ತು ಮೊದಲು ಹೋಗುವವರು ಐಟಿಐ ಓದಿದ, ಓದದ ನಮ್ಮ ಹುಡುಗರು. ಎಫ್‌ಎಂಐ ಪಟ್ಟಿಯನ್ನು ನಾನೇ ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿದ್ದೇನೆ. ಅದು ಪ್ರತಿ ಗಾಡಿಯ ಜೊತೆಗೆ, ಕಂಪನಿಯಿಂದಲೇ, ಕನ್ನಡದಲ್ಲೇ ಬರಬೇಕು.