ಸೂಕ್ಷ್ಮದರ್ಶಕದ ಸಾಕ್ಷ್ಯ ಎಷ್ಟು ನಂಬಲರ್ಹ?

ತಿತಿಮತಿಯ ರೋಗಿಯೊಬ್ಬನಿಗೆ ಮೈಸೂರಿನ ವೈದ್ಯರು ಬಾಯಿಯ ಮೂಲಕ ಎಂಡೋಸ್ಕೋಪ್ ನಳಿಗೆಯನ್ನು ಇಳಿಸಿ, ಜಠರದ ಹುಣ್ಣಿನಿಂದ ಅಕ್ಕಿಕಾಳಿಗಿಂತ ಚಿಕ್ಕವಾದ ಕೆಲವು ಚೂರುಗಳನ್ನು ತೆಗೆದರೆಂದು ಭಾವಿಸೋಣ. ಜಠರವನ್ನು ಕೊಯ್ಯಬೇಕೆ, ಔಷಧದಿಂದಲೇ ಸಾಗೀತೆ ಎಂಬ ತೀರ್ಮಾನವು ಬಹುಮಟ್ಟಿಗೆ ಈ ಚೂರುಗಳನ್ನೇ ಅವಲಂಬಿಸಿದೆ.

ಚೂರನ್ನು ಫಾರ್ಮಲಿನ್ ದ್ರಾವಣದಲ್ಲಿ ಕೆಡದಂತೆ ಇರಿಸಿ, ಮೇಣದಲ್ಲಿ ಹುದುಗಿಸಿ, ಮಿಲಿಮೀಟರಿನ ಸಾವಿರದಲ್ಲಿ ನಾಲ್ಕೈದು ಪಾಲಿನಷ್ಟು ತೆಳ್ಳಗೆ ಸೀಳಿ, ಬಣ್ಣ ಹಾಕುತ್ತಾರೆ. ಇದು ಗ್ರಂಥಿಕೋಶಗಳ ಕ್ಯಾನ್ಸರೋ, ಲಿಂಫೋಮವೋ ಎಂಬಂಥ ದೊಡ್ಡ ಪ್ರಶ್ನೆಗೆ ಅನುಭವಿಯ ಕಣ್ಣು ಸಾಮಾನ್ಯವಾಗಿ ಸರಿಯಾದ ಉತ್ತರವನ್ನೇ ಕೊಡುತ್ತದೆ.

ತೊಡಕಿರುವುದು ಎಲ್ಲೆಯಲ್ಲಿ. ತಿತಿಮತಿಯ ಆಸುಪಾಸಿನಲ್ಲಿ ಕಾಫಿಯೂ ಮರಗಳ ನೆರಳಿನಲ್ಲೇ ಬೆಳೆಯುತ್ತದೆ. ಬೇಲಿಯಿಲ್ಲದಿದ್ದರೆ ಕಾಡು ಎಲ್ಲಿ ಮುಗಿದು ತೋಟ ಎಲ್ಲಿ ಮೊದಲಾಯಿತೆಂದು ಇಬ್ಬರು ಒಂದೇ ಗೆರೆ ಎಳೆಯಲಾರರು. ಕ್ಯಾನ್ಸರಿಗೂ ಅದರ ಪೂರ್ವಾವಸ್ಥೆಗೂ ನಡುವಣ ಗಡಿ ಇಂಥದೇ. ವಿಕೃತ ಕೋಶಗಳು ತಮ್ಮ ಪದರವನ್ನು ದಾಟಿ ಕೆಳಕ್ಕೆ ನುಗ್ಗಿದ್ದನ್ನು ಕಂಡ ಹೊರತು ಪಾಶ್ಚಾತ್ಯ ತಜ್ಞರು ಕ್ಯಾನ್ಸರ್ ಎನ್ನುತ್ತಿರಲಿಲ್ಲ. ಜಪಾನಿನವರಿಗೆ ನ್ಯೂಕ್ಲಿಯಸ್ಸಿನ ವಿಕಾರ, ಗ್ರಂಥಿಗಳ ಅಸ್ತವ್ಯಸ್ತ ರಚನೆ ಇವೇ ಸಾಕಾಗಿದ್ದವು. ಒಂದೇ ಗಾಜಿನ ಪಟ್ಟಿಗೆ ಎರಡು ತೀರ್ಪು! ವಿಯೆನ್ನಾದಲ್ಲಿ 1998ರಲ್ಲಿ ಕಲೆತು ಚರ್ಚಿಸಿದ ತಜ್ಞರು 2000ದಲ್ಲಿ ಪ್ರಕಟಿಸಿದ ಐದು ವರ್ಗಗಳ ಪದ್ಧತಿಯು, ತೀವ್ರ ಪೂರ್ವಾವಸ್ಥೆಯನ್ನೂ ಕೆಳಕ್ಕೆ ನುಗ್ಗದ ಕ್ಯಾನ್ಸರನ್ನೂ ಒಂದೇ ವರ್ಗದಲ್ಲಿಟ್ಟಿತು. ಎರಡಕ್ಕೂ ಚಿಕಿತ್ಸೆ ಹೆಚ್ಚುಕಡಿಮೆ ಒಂದೇ ಆದುದರಿಂದ ಇದು ಜಾಣತನದ ರಾಜಿಯೆಂದೇ ಹೇಳಬೇಕು.

ಎಲ್ಲರೂ ಒಮ್ಮತದಿಂದ ತಪ್ಪಿದ್ದೂ ಉಂಟು. ಜಠರದ ಗೋಡೆಯ ಒಂದು ಬಗೆಯ ಗಂತಿಯನ್ನು, ಅದರ ಕದಿರಿನಾಕಾರದ ಕೋಶಗಳನ್ನು ನೋಡಿ, ಬಹುಕಾಲ ಸ್ನಾಯುವಿನ ಗಂತಿಯೆಂದೇ ಎಣಿಸಲಾಗಿತ್ತು. 1998ರಲ್ಲಿ ಜಪಾನಿನ ಹಿರೋಟ ಮತ್ತು ಸಂಗಡಿಗರು ಅದರಲ್ಲಿ ಕಿಟ್ ಎಂಬ ಜೀನಿನ ವಿಕೃತಿಯನ್ನು ತೋರಿಸಿದರು. ಅದು ಬೇರೆಯೇ ಜಾತಿ! ಈಗ ಕಿಟ್ ಪ್ರೋಟೀನನ್ನು ಗುರುತಿಸುವ ವಿಶೇಷ ಪರೀಕ್ಷೆಯುಂಟು. ಇಮಾಟಿನಿಬ್ ಮಾತ್ರೆಯೂ ಉಂಟು.

ಇನ್ನೊಂದು ಮಾತು. ಫಿನ್‌ಲೆಂಡಿನ ಲೌರೆನ್ 1965ರಲ್ಲಿ ಜಠರದ ಕ್ಯಾನ್ಸರನ್ನು ಎರಡು ಮುಖ್ಯ ಬಗೆಗಳಾಗಿ ವಿಂಗಡಿಸಿದನು. ಅವುಗಳಲ್ಲಿ ಚದುರಿದ ಬಗೆಯ ಕೋಶಗಳು ಒಳಪೊರೆಯ ಕೆಳಗೆ ಬಿಡಿಬಿಡಿಯಾಗಿ ಹರಡಿಕೊಳ್ಳಬಲ್ಲವು. ಮೇಲಿನಿಂದ ಕಿತ್ತ ಚೂರಿನಲ್ಲಿ ಅವು ಸಿಕ್ಕದೆಯೂ ಹೋಗಬಹುದು. ಆದುದರಿಂದ ‘ಕ್ಯಾನ್ಸರ್ ಇದೆ’ ಎಂಬ ವರದಿಗಿರುವಷ್ಟು ತೂಕ ‘ಕಾಣಲಿಲ್ಲ’ ಎಂಬ ವರದಿಗಿಲ್ಲ. ಸಂಶಯ ಉಳಿದರೆ ವೈದ್ಯರು ಮತ್ತೆ ಚೂರು ತೆಗೆಯುತ್ತಾರೆ, ಅಥವಾ ಇನ್ನೊಬ್ಬ ತಜ್ಞರ ಅಭಿಪ್ರಾಯ ಕೇಳುತ್ತಾರೆ. ತಿತಿಮತಿಯ ರೋಗಿ ಅದಕ್ಕಾಗಿ ಬೆಂಗಳೂರಿಗೆ ಹೊರಟರೆ ವರದಿಯ ಕಾಗದವೊಂದೇ ಸಾಲದು. ಗಾಜಿನ ಪಟ್ಟಿಗಳನ್ನೂ ಮೇಣದ ತುಂಡನ್ನೂ ಕೇಳಿ ಒಯ್ಯಬೇಕು.