ಮಣ್ಣು, ಕಾಡು, ಜಲಾನಯನ: ರಾಜ್ಯ ಕಾನೂನುಗಳ ಮುಖ್ಯಾಂಶಗಳು

ಗುಡ್ಡದ ಕಾಡು ಬೋಳಾದರೆ ಹೊಲದ ಮೇಲ್ಮಣ್ಣು ಕೊಚ್ಚಿಹೋಗುತ್ತದೆ, ಆ ಮಣ್ಣು ಕೆರೆಯಲ್ಲಿ ಹೂಳಾಗುತ್ತದೆ, ಕೆರೆ ಬತ್ತಿದರೆ ಅಂತರ್ಜಲ ಕುಸಿಯುತ್ತದೆ. ನೆಲದ ಮೇಲೆ ಬೆಸೆದುಕೊಂಡಿರುವ ಈ ಮೂರೂ ಕಾನೂನಿನಲ್ಲಿ ಮಾತ್ರ ಬಿಡಿಬಿಡಿಯಾಗಿವೆ.

ಸಂವಿಧಾನದ ನೆಲೆ
• ರಾಜ್ಯ ಪಟ್ಟಿ: ಕೃಷಿ (ನಮೂದು 14), ನೀರು (17), ಭೂಮಿ (18).
• ಅರಣ್ಯ: 42ನೇ ತಿದ್ದುಪಡಿಯಿಂದ (1976) ಸಮವರ್ತಿ ಪಟ್ಟಿಗೆ, ನಮೂದು 17ಎ. ವಿಧಿ 48ಎ ಮತ್ತು 51ಎ ಸೇರಿದ್ದೂ ಇದೇ ತಿದ್ದುಪಡಿಯಿಂದ.
• 11ನೇ ಅನುಸೂಚಿ: ಮಣ್ಣು ಸಂರಕ್ಷಣೆ, ಜಲಾನಯನ ಅಭಿವೃದ್ಧಿ, ಸಾಮಾಜಿಕ ಅರಣ್ಯ ಪಂಚಾಯತ್‌ಗಳಿಗೆ ವಹಿಸಬಹುದಾದ ವಿಷಯಗಳು.

ಕರ್ನಾಟಕದ ಕಾನೂನುಗಳು
• ಭೂ ಅಭಿವೃದ್ಧಿ ಅಧಿನಿಯಮ, 1961: ಮಣ್ಣಿನ ಸವಕಳಿ ತಡೆ, ಒಡ್ಡು ನಿರ್ಮಾಣ, ದನ ಮೇಯಿಸುವಿಕೆಯ ನಿಯಂತ್ರಣದ ಯೋಜನೆಗಳಿಗೆ ಆಧಾರ.
• ಅರಣ್ಯ ಅಧಿನಿಯಮ, 1963: ಕಲಂ 4ರ ಅಡಿ ಪ್ರಾಥಮಿಕ ಅಧಿಸೂಚನೆ, ಹಕ್ಕುಗಳ ವಿಚಾರಣೆ ಮುಗಿದ ಮೇಲೆ ಕಲಂ 17ರ ಅಡಿ ಮೀಸಲು ಅರಣ್ಯ ಘೋಷಣೆ. 2001ರ ತಿದ್ದುಪಡಿಯಿಂದ ಖಾಸಗಿ ಜಮೀನಿನ ಶ್ರೀಗಂಧಕ್ಕೆ ಜಮೀನುದಾರನೇ ಒಡೆಯ.
• ಭೂಕಂದಾಯ ಅಧಿನಿಯಮ, 1964: ಕುಮ್ಕಿ, ಬಾಣೆ, ಬೆಟ್ಟ, ಹಾಡಿಗಳಲ್ಲಿ ಸೊಪ್ಪು, ಸೌದೆ ಪಡೆಯುವ ಸೌಲಭ್ಯ ಕಲಂ 79ರಲ್ಲಿದೆ.
• ವೃಕ್ಷ ಸಂರಕ್ಷಣಾ ಅಧಿನಿಯಮ, 1976: ಮರ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕು. ತೆಂಗು, ರಬ್ಬರ್, ನೀಲಗಿರಿ, ಸಿಲ್ವರ್ ಓಕ್ ಮುಂತಾದವಕ್ಕೆ ವಿನಾಯಿತಿ.
• ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಅಧಿನಿಯಮ, 2014: ಕೆರೆಗಳ ಒತ್ತುವರಿ ತೆರವು ಮತ್ತು ರಕ್ಷಣೆ.

ಇತರ ರಾಜ್ಯಗಳು
• ಪಂಜಾಬ್ ಭೂ ಸಂರಕ್ಷಣಾ ಅಧಿನಿಯಮ, 1900: ಶಿವಾಲಿಕ್ ಬೆಟ್ಟಗಳ ಸವಕಳಿ ತಡೆಯಲು ಬಂದದ್ದು. ಇದರ ಕಲಂ 4ರ ವಿಶೇಷ ಆದೇಶಕ್ಕೆ ಒಳಪಟ್ಟ ಜಮೀನು ಅರಣ್ಯವೇ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು.
• ಆಂಧ್ರಪ್ರದೇಶ, 2002: ನೀರು, ಭೂಮಿ, ಮರ ಮೂರಕ್ಕೂ ಒಂದೇ ಕಾನೂನು. ‘ವಾಲ್ಟಾ’ ಎಂದೇ ಪ್ರಸಿದ್ಧ.
• ಕೇರಳ, 2008: ಗದ್ದೆ ಮತ್ತು ಜೌಗುಪ್ರದೇಶಗಳನ್ನು ಮಣ್ಣು ತುಂಬಿ ಬೇರೆ ಬಳಕೆಗೆ ತಿರುಗಿಸುವುದಕ್ಕೆ ತಡೆ.
• ಪಂಜಾಬ್, 2009: ಸರ್ಕಾರ ಗೊತ್ತುಪಡಿಸಿದ ದಿನಕ್ಕೆ ಮುಂಚೆ ಭತ್ತದ ನಾಟಿ ನಿಷೇಧ. ಬಿರುಬೇಸಿಗೆಯಲ್ಲಿ ಅಂತರ್ಜಲ ಎತ್ತುವುದನ್ನು ತಗ್ಗಿಸುವುದೇ ಉದ್ದೇಶ.

ಇಲ್ಲಿ ಎಡವಬೇಡಿ
• 1961ರಲ್ಲಿ ಎರಡು ಕಾನೂನುಗಳಿವೆ: ಗೇಣಿಗೆ ಸಂಬಂಧಿಸಿದ್ದು ಭೂ ಸುಧಾರಣೆ, ಮಣ್ಣಿಗೆ ಸಂಬಂಧಿಸಿದ್ದು ಭೂ ಅಭಿವೃದ್ಧಿ.
• ಕರ್ನಾಟಕದ ಅಂತರ್ಜಲ ಕಾನೂನುಗಳೂ ಎರಡು. 1999ರದು ಕುಡಿಯುವ ನೀರಿನ ಮೂಲಗಳ ರಕ್ಷಣೆಗೆ: ಸಾರ್ವಜನಿಕ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ತೋಡುವಂತಿಲ್ಲ. 2011ರದು ಅಂತರ್ಜಲ ಪ್ರಾಧಿಕಾರ ಮತ್ತು ಬಾವಿಗಳ ನೋಂದಣಿಗೆ ಸಂಬಂಧಿಸಿದ್ದು.
• ‘ಸುಜಲ’ ಕಾನೂನಲ್ಲ, ವಿಶ್ವಬ್ಯಾಂಕ್ ನೆರವಿನ ಜಲಾನಯನ ಯೋಜನೆ. 2001ರಲ್ಲಿ ಆರಂಭ. ಮೊದಲ ಹಂತದ ಜಿಲ್ಲೆಗಳು: ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ.

ವಿವರಣಾತ್ಮಕ ಉತ್ತರಕ್ಕೆ
ಕರ್ನಾಟಕದಲ್ಲಿ ಮರಕ್ಕೆ, ಕೆರೆಗೆ, ಬಾವಿಗೆ ಪ್ರತ್ಯೇಕ ಕಾನೂನು, ಪ್ರತ್ಯೇಕ ಅಧಿಕಾರಿ. ಜಲಾನಯನ ಅಭಿವೃದ್ಧಿ ನಡೆದಿರುವುದು ಮುಖ್ಯವಾಗಿ ಯೋಜನೆಗಳ ಮೂಲಕ. ಯೋಜನೆಗೆ ಅವಧಿಯಿದೆ, ಕಾನೂನಿಗೆ ಇಲ್ಲ. ಈ ವ್ಯತ್ಯಾಸ ತೋರಿಸಿ, ಆಂಧ್ರದ ಒಗ್ಗೂಡಿದ ಮಾದರಿಯೊಡನೆ ಹೋಲಿಸಿ ಬರೆದರೆ ಉತ್ತರ ಬರೀ ಪಟ್ಟಿಯಾಗದೆ ವಿಶ್ಲೇಷಣೆಯಾಗುತ್ತದೆ.