ಇಂದಿನ ಧಮ್ಮ ಚಿಂತನೆ: ಕರೆಂಟ್ ಹೋದ ಸಂಜೆ ಮತ್ತು ‘ದೀಪ’ ಎಂಬ ಪದ



ಈ ಸಲ ಬರೆಯುವ ಸರದಿ ನನ್ನದು. ‘ಅತ್ತದೀಪ’ದ ಬಗ್ಗೆ ಬರೆಯುತ್ತೇನೆಂದು ಮೊದಲೇ ಗುಂಪಿನಲ್ಲಿ ಹೇಳಿದ್ದೆ. ಪುಸ್ತಕ ಮುಂದಿಟ್ಟುಕೊಂಡು ಬರೆದರಾಯಿತು ಅಂದುಕೊಂಡಿದ್ದೆ. ಆದರೆ ಡಿಸೆಂಬರ್ 25ರ ಸಂಜೆ ಭದ್ರಾವತಿಯಲ್ಲಿ ನಡೆದದ್ದನ್ನು ಬಿಟ್ಟು ಬರೆಯಲು ನನ್ನಿಂದ ಆಗುತ್ತಿಲ್ಲ.

ಆ ದಿನ ಶಾಲೆಗೆ ರಜೆ. 1927ರ ಅದೇ ದಿನ ಮಹಾಡ್‌ನಲ್ಲಿ ಬಾಬಾಸಾಹೇಬರ ನೇತೃತ್ವದಲ್ಲಿ ಮನುಸ್ಮೃತಿ ಸುಟ್ಟದ್ದರಿಂದ ನಮಗೆ ಅದು ಹಬ್ಬವೂ ಹೌದು. ಪ್ರತಿ ವರ್ಷ ನಾವು ಶಿವಮೊಗ್ಗದಿಂದ ಭದ್ರಾವತಿಗೆ, ನನ್ನ ತವರಿಗೆ ಹೋಗುತ್ತೇವೆ. ತಮ್ಮನ ಮನೆಯಲ್ಲಿ ಸಂಜೆ ಬುದ್ಧವಂದನೆ, ತ್ರಿಸರಣ, ಪಂಚಶೀಲ, ಮಹಾಡ್ ಕುರಿತು ಒಂದಷ್ಟು ಮಾತು, ಆಮೇಲೆ ಊಟ. ಈ ಸಲ ಒಂಬತ್ತನೇ ಕ್ಲಾಸಿನ ನನ್ನ ಮಗ ಟಿ.ವಿ.ಯಲ್ಲಿ ತೋರಿಸಲೆಂದು ಚಿತ್ರಗಳನ್ನು ಜೋಡಿಸಿ ಪೆನ್‌ಡ್ರೈವ್‌ನಲ್ಲಿ ತಂದಿದ್ದ.

ಆರೂವರೆಗೆ ಬೀದಿ ಕೊನೆಯ ಟಿ.ಸಿ. ಢಂ ಎಂದಿತು. ಇಡೀ ಕೇರಿ ಕತ್ತಲು. ಎದುರು ಮನೆಯ ಕ್ರೈಸ್ತ ಕುಟುಂಬದವರು ತೂಗುಹಾಕಿದ್ದ ನಕ್ಷತ್ರವೂ ಆರಿತು. ಬಂದು ನೋಡಿದ ಲೈನ್‌ಮನ್, “ಸುಟ್ಟೋಗಿದೆ, ಬೇರೆ ತರಬೇಕು, ಇವತ್ತು ಆಗಲ್ಲ” ಎಂದರು. ರಜೆ ದಿನ ಕತ್ತಲಲ್ಲಿ ಕಂಬ ಹತ್ತಿದ ಅವರಿಗೆ ತಮ್ಮನ ಹೆಂಡತಿ ಕಾಫಿ ಕೊಟ್ಟಳು. ಮಿಕ್ಸಿ ಇಲ್ಲದೆ ಅವರೆಕಾಳು ಸಾರಿನ ಖಾರವನ್ನು ಹಿತ್ತಿಲ ಒರಳಿನಲ್ಲಿ ರುಬ್ಬಿದ್ದಾಯಿತು. ಎದುರು ಮನೆಯವರು ನಾಲ್ಕು ಮೇಣದಬತ್ತಿ, ಒಂದು ತಟ್ಟೆ ಕಲ್ಕಲ್ ಕಳಿಸಿದರು. ಇಷ್ಟೇ ಆಗಿದ್ದರೆ ಬರೆಯುವಂಥದ್ದು ಏನೂ ಇರಲಿಲ್ಲ.

ಅವ್ವ ಒಳಗಿಂದ ಹಳೆಯ ಹಣತೆ ತಂದು, ಕೊಬ್ಬರಿ ಎಣ್ಣೆ ಹಾಕಿ, ಬತ್ತಿ ಹೊಸೆದು ಹಚ್ಚಿದಳು. ಹಚ್ಚಿ ಕಣ್ಣು ಮುಚ್ಚಿ ಕೈ ಮುಗಿದಳು. ಬುದ್ಧರ ಮೂರ್ತಿಯ ಕಡೆಗಲ್ಲ, ದೀಪಕ್ಕೆ. ಟ್ಯೂಬ್‌ಲೈಟ್ ಹಾಕಿದರೂ ಕೈ ಮುಗಿಯುವ ತಲೆಮಾರು ಅದು. ನನ್ನ ಮಗ ತಟ್ಟನೆ, “ಅಜ್ಜಿ, ಇದೆಲ್ಲ ನಾವು ಬಿಟ್ಟಿದೀವಲ್ಲ?” ಎಂದ.

ನನ್ನ ಎದೆ ಧಸಕ್ಕೆಂದಿತು. ಕಾರಣ ಹೇಳಿಬಿಡುತ್ತೇನೆ. ಹಿಂದಿನ ವರ್ಷ ಇದೇ ಮನೆಯಲ್ಲಿ ಅವ್ವನ ಟ್ರಂಕಿನಲ್ಲಿ ಚೌಡಮ್ಮನ ಫೋಟೊ ಸಿಕ್ಕಿತ್ತು. “22 ಪ್ರತಿಜ್ಞೆ ತಗೊಂಡ ಮೇಲೂ ಇದಾ?” ಎಂದು ಎಲ್ಲರೆದುರು ಕೂಗಾಡಿ, ಫ್ರೇಮಿನ ಸಮೇತ ಶಿವಮೊಗ್ಗಕ್ಕೆ ಒಯ್ದು ಅಟ್ಟದ ಮೇಲೆ ಹಾಕಿದ್ದೆ. ಆಮೇಲೆ ಆರು ತಿಂಗಳು ಅವ್ವ ನಮ್ಮ ಮನೆಗೆ ಕಾಲಿಡಲಿಲ್ಲ. ಈಗ ಮಗನ ಬಾಯಲ್ಲಿ ಬಂದದ್ದು ನನ್ನದೇ ಧ್ವನಿ.

ಅವ್ವ ಸಿಟ್ಟಾಗಲಿಲ್ಲ. “ನಿಮ್ಮಮ್ಮ ಎಸ್ಸೆಸ್ಸೆಲ್ಸಿ ಓದೋವಾಗ ಮನೇಲಿ ಇದ್ದಿದ್ದು ಒಂದೇ ಬುಡ್ಡಿ ಕಣಪ್ಪ. ಅದು ಅವಳ ಮುಂದೆ. ನಾನು ಒಲೆ ಬೆಳಕಲ್ಲಿ ಗಂಜಿ ಬಸೀತಿದ್ದೆ, ಎರಡು ಸಲ ಕೈ ಸುಟ್ಕೊಂಡಿದೀನಿ. ಕಾರ್ಡಿಗೆ ಕೊಡೋ ಸೀಮೆಎಣ್ಣೆ ತಿಂಗಳು ಪೂರ್ತಿ ಬರಲಿ ಅಂತ ಹಚ್ಚೋವಾಗೆಲ್ಲ ಕೈ ಮುಗೀತಿದ್ದೆ. ದೇವರಿಗಲ್ಲ ಮಗಾ, ಎಣ್ಣೆಗೆ” ಎಂದಳು.

ಆ ಬುಡ್ಡಿ ನನಗೆ ನೆನಪಿದೆ. ಒಲೆ ಬೆಳಕು ನೆನಪಿರಲಿಲ್ಲ. ನಮ್ಮ ಮನೆಗೆ ಭಾಗ್ಯಜ್ಯೋತಿಯ ಒಂದು ಬಲ್ಬು ಬಂದದ್ದು ನಾನು ಪಿಯುಸಿಗೆ ಸೇರಿದ ಮೇಲೆ.

ವಂದನೆ ಮುಗಿಸಿ, ಚಿತ್ರಗಳಿಲ್ಲದೆ ಮಗ ಬಾಯಲ್ಲೇ ಮಹಾಡ್ ಕಥೆ ಹೇಳಿದ. ಮಾರ್ಚ್ 20ರಂದು ಚವದಾರ್ ಕೆರೆಯ ನೀರು ಮುಟ್ಟಿದ್ದು. ಡಿಸೆಂಬರ್‌ನಲ್ಲಿ ಸಮ್ಮೇಳನಕ್ಕೆ ಜಾಗ ಸಿಗದೆ ಒಬ್ಬ ಮುಸ್ಲಿಂ ಸಜ್ಜನರು ತಮ್ಮ ಜಾಗ ಕೊಟ್ಟದ್ದು. ಮನುಸ್ಮೃತಿ ಸುಡುವ ನಿರ್ಣಯ ಮಂಡಿಸಿದವರು ಬ್ರಾಹ್ಮಣರೇ ಆಗಿದ್ದ ಸಹಸ್ರಬುದ್ಧೆ ಎನ್ನುವುದು. ರಾತ್ರಿ ಚಿತೆಯ ಮೇಲಿಟ್ಟು ಸುಟ್ಟದ್ದು. “ಭದ್ರಾವತಿಗೆ ಮೊದಲು ಬೆಂಕಿಪುರ ಅಂತ ಹೆಸರಿತ್ತು, ಇಲ್ಲೇ ಸುಡಬೇಕಿತ್ತು” ಎಂದು ತಮ್ಮ ನಗಿಸಿದ. ಅವ್ವ ಕೇಳಿದ್ದು ಒಂದೇ: “ಹೆಂಗಸರು ಬಂದಿದ್ರಾ?” ಬಂದಿದ್ದರು. ಅವರಿಗೆಂದೇ ಬಾಬಾಸಾಹೇಬರು ಬೇರೆಯಾಗಿ ಮಾತಾಡಿದ್ದರು. ಕೀಳು ಜಾತಿಯೆಂದು ಗುರುತು ಹೇಳುವ ಉಡುಗೆ ಬಿಡಿ, ಹೆಣ್ಣುಮಕ್ಕಳನ್ನೂ ಓದಿಸಿ ಎಂಬುದು ಅದರ ತಿರುಳು. ಅಕ್ಷರ ಬಾರದ ಅವ್ವ ಯಾರ ಭಾಷಣವನ್ನೂ ಕೇಳದೆ ಬುಡ್ಡಿಯನ್ನು ನನ್ನ ಮುಂದೆ ಇಟ್ಟಿದ್ದಳು.

ಇನ್ನು ಪಾಠಕ್ಕೆ ಬರುತ್ತೇನೆ. ‘ಅತ್ತದೀಪ’ ಬರುವುದು ಮಹಾಪರಿನಿಬ್ಬಾಣ ಸುತ್ತದಲ್ಲಿ. ವೈಶಾಲಿ ಹತ್ತಿರದ ಬೇಲುವ ಗ್ರಾಮದಲ್ಲಿ ವರ್ಷಾವಾಸದ ಹೊತ್ತಿಗೆ ಬುದ್ಧರ ಕಾಯಿಲೆ ಉಲ್ಬಣಿಸುತ್ತದೆ. ಚೇತರಿಸಿಕೊಂಡು ನೆರಳಲ್ಲಿ ಕುಳಿತಾಗ ಆನಂದ, ಸಂಘಕ್ಕೆ ಏನಾದರೂ ಹೇಳದೆ ತಾವು ಹೋಗಲಾರಿರಿ ಎಂಬ ಸಮಾಧಾನ ನನಗಿತ್ತು ಎನ್ನುತ್ತಾನೆ. ಬುದ್ಧರ ಉತ್ತರದಲ್ಲಿ ‘ಆಚರಿಯಮುಟ್ಠಿ’ ಎಂಬ ಮಾತು ಬರುತ್ತದೆ, ಅಂದರೆ ಗುರುವಿನ ಮುಚ್ಚಿದ ಮುಷ್ಟಿ. ಅಂಥ ಮುಷ್ಟಿ ತಮ್ಮಲ್ಲಿ ಇಲ್ಲ, ಬಚ್ಚಿಟ್ಟುಕೊಂಡದ್ದು ಏನೂ ಇಲ್ಲ ಎನ್ನುತ್ತಾರೆ. ಅದಾದ ಮೇಲೆ ‘ಅತ್ತದೀಪ’. ಇಪ್ಪತ್ತು ವರ್ಷ ಪಾಠ ಮಾಡಿದವಳಿಗೆ ಈ ಮುಷ್ಟಿಯ ಮಾತು ಚುಚ್ಚುತ್ತದೆ.

ನಾವೆಲ್ಲ ಇದನ್ನು ‘ನಿನಗೆ ನೀನೇ ಬೆಳಕು’ ಎಂದು ಓದುತ್ತೇವೆ. ತಪ್ಪಲ್ಲ. ಆದರೆ ಸಂಸ್ಕೃತದ ‘ದೀಪ’ ಮತ್ತು ‘ದ್ವೀಪ’ ಎರಡೂ ಪಾಲಿಯಲ್ಲಿ ‘ದೀಪ’ವೇ ಆಗುತ್ತವೆ. ಸಿಂಹಳದ ಹಳೆಯ ಚರಿತ್ರೆ ‘ದೀಪವಂಸ’ದಲ್ಲಿರುವುದು ಹಣತೆಯಲ್ಲ, ದ್ವೀಪ. ಬುದ್ಧಘೋಷರ ಅಟ್ಠಕಥೆಯೂ ಈ ಮಾತನ್ನು ಸಮುದ್ರದ ನಡುವಿನ ದ್ವೀಪ ಎಂದೇ ವಿವರಿಸುತ್ತದೆ. ನಮ್ಮ ಮಾತಲ್ಲಿ ನಡುಗಡ್ಡೆ. ಡ್ಯಾಮಿನ ನೀರು ಬಿಟ್ಟಾಗ ಭದ್ರೆ ಉಕ್ಕಿ ತಗ್ಗಿನ ಮನೆಗಳಿಗೆ ನುಗ್ಗುವುದನ್ನು ಕಂಡವರಿಗೆ ಕಾಲಿಗೆ ಗಟ್ಟಿ ನೆಲ ಸಿಗುವುದೆಂದರೆ ಏನೆಂದು ವಿವರಿಸಬೇಕಿಲ್ಲ.

ಬೆಳಕಾದರೆ ಒಬ್ಬರಿಂದ ಒಬ್ಬರಿಗೆ ಹಚ್ಚಿಕೊಡಬಹುದು. ನೆಲ ಹಾಗಲ್ಲ, ಅವರವರ ಕಾಲೇ ಮುಟ್ಟಬೇಕು. ದೀಕ್ಷೆಯ ದಿನ ಅವ್ವನ ಪಕ್ಕ ನಿಂತು 22 ಪ್ರತಿಜ್ಞೆಗಳನ್ನು ಒಂದೊಂದಾಗಿ ಹೇಳಿಸಿದವಳು ನಾನು. ಅವಳು ಹೇಳಿದಳು. ಅವು ಅವಳವಾಗಲು ಎಷ್ಟು ದಿನ ಬೇಕೆಂಬುದನ್ನೂ ನಾನೇ ತೀರ್ಮಾನಿಸಿ, ಟ್ರಂಕು ತೆಗೆಸಿ ನೋಡಿದೆ. ಪ್ರತಿಜ್ಞೆಗಳನ್ನು ಸಡಿಲಿಸಿ ಎಂದು ನಾನು ಹೇಳುತ್ತಿಲ್ಲ, ಯಾರೂ ಹಾಗೆ ಓದಿಕೊಳ್ಳಬಾರದು. ಅವು ಬಾಬಾಸಾಹೇಬರು ಯೋಚಿಸಿ ಕೊಟ್ಟವು. ನಾನು ಹೇಳುತ್ತಿರುವುದು ನನ್ನ ಮುಷ್ಟಿಯ ಬಗ್ಗೆ.

ಇನ್ನೊಂದು ಮಾತು. ಕರೆಂಟ್ ಹೋದದ್ದೇ ಒಳ್ಳೆಯದಾಯಿತು, ಒಳಗಿನ ಬೆಳಕು ಇದ್ದರೆ ಸಾಕು ಎನ್ನುವ ಫಾರ್ವರ್ಡ್‌ಗಳು ನಮ್ಮ ಗುಂಪಿಗೂ ಬರುತ್ತವೆ. ನನಗೆ ಅವು ಹಿಡಿಸುವುದಿಲ್ಲ. ಪರೇಲ್‌ನ ಒಂದೇ ಕೋಣೆಯಲ್ಲಿ ರಾತ್ರಿ ಎರಡಕ್ಕೆ ಎದ್ದು ಸಣ್ಣ ಎಣ್ಣೆದೀಪದಲ್ಲಿ ಓದಿದ ಬಾಬಾಸಾಹೇಬರು ಆ ಕತ್ತಲನ್ನು ಹೊಗಳಲಿಲ್ಲ. 1942ರಿಂದ 1946ರವರೆಗೆ ವೈಸ್‌ರಾಯ್ ಕಾರ್ಯಕಾರಿ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದಾಗ ವಿದ್ಯುತ್ ಖಾತೆಯೂ ಅವರ ಕೈಯಲ್ಲಿತ್ತು. ಅಗ್ಗದ, ಧಾರಾಳ ವಿದ್ಯುತ್ ಇಲ್ಲದೆ ಕೈಗಾರಿಕೆ ಇಲ್ಲ, ಕೈಗಾರಿಕೆ ಇಲ್ಲದೆ ಬಡತನದಿಂದ ಬಿಡುಗಡೆ ಇಲ್ಲ ಎಂದು 1943ರಲ್ಲೇ ವಾದಿಸಿದರು. 1944ರಲ್ಲಿ ಕೇಂದ್ರ ತಾಂತ್ರಿಕ ವಿದ್ಯುತ್ ಮಂಡಳಿ ರೂಪುಗೊಂಡದ್ದೂ ಅವರ ಕಾಲದಲ್ಲೇ. ನಮ್ಮ ನಾಡಿನಲ್ಲಿ 1902ರಲ್ಲಿ ಶಿವನಸಮುದ್ರದ ವಿದ್ಯುತ್ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಜೋಗ ನಮ್ಮ ಜಿಲ್ಲೆಯದ್ದೇ ಆದರೂ ನಮ್ಮ ಮನೆಗೆ ಬಲ್ಬು ಬರಲು ನಾನು ಪಿಯುಸಿ ಮುಟ್ಟಬೇಕಾಯಿತು. ಆದ್ದರಿಂದ ಬೆಳಿಗ್ಗೆ ಎದ್ದು ತಮ್ಮನೂ ನಾನೂ ಮೊದಲು ಮಾಡಿದ ಕೆಲಸ, ಬೀದಿಯವರ ಸಹಿ ಹಾಕಿಸಿ ಹೊಸ ಟಿ.ಸಿ.ಗೆ ಅರ್ಜಿ ಬರೆದದ್ದು.

ಹೊರಡುವ ಮುಂಚೆ ಅವ್ವನ ಕೈ ಹಿಡಿದು, “ಹೋದ ವರ್ಷ ಎಲ್ಲರೆದುರು ಹಾಗೆ ಕೂಗಬಾರದಿತ್ತು ಕಣವ್ವ. ಆ ಫೋಟೊ ಅಟ್ಟದ ಮೇಲೆ ಹಾಗೇ ಇದೆ, ತಂದುಕೊಡ್ಲಾ?” ಎಂದೆ.

ಅವ್ವ ಒಂದು ಕ್ಷಣ ಯೋಚಿಸಿದಳು. “ಫೋಟೊ ಬೇಡ. ಫ್ರೇಮು ಚೆನ್ನಾಗಿತ್ತು, ತೇಗದ್ದು. ಅದಕ್ಕೆ ಸಾವಿತ್ರಿಬಾಯಿ ಫುಲೆಯವರದ್ದು ಹಾಕಿಸ್ಕೊಂಡು ಬಾ. ಜನವರಿ ಮೂರಕ್ಕೆ ಬೇಕಾಗ್ತದೆ” ಎಂದಳು.